ಲ್ಯೂಬೆಕ್ ಪಟ್ಟಣದ ಹೆಬ್ಬಾಗಿಲು

ಪರಸ್ಥಳದಿಂದ ಬಂದ ಅತಿಥಿಯು ಬಾಗಿಲನ್ನು ಕಂಡೇ ಮನೆಯವರ ರೀತಿನೀತಿಗಳನ್ನು ಊಹಿಸಿಕೊಳ್ಳುವುದುಂಟು. ಪಟ್ಟಣಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಆದ್ದರಿಂದ ಈ ತಿಂಗಳು ನಾವು ವಾಚಕ ಮಹಾಶಯರನ್ನು ಜರ್ಮನಿ ದೇಶದ ಉತ್ತರ ಭಾಗದಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಸಮೀಪವಾಗಿರುವ ಲ್ಯೂಬೆಕ್ ಎಂಬ ಪುರಾತನ ರೇವುಪಟ್ಟಣದ ಬಾಗಿಲಿಗೆ ಕರೆದೊಯ್ಯಲಿಚ್ಛಿಸುತ್ತೇವೆ.

ರೈಲು ನಿಲ್ದಾಣದಿಂದ ಸ್ವಲ್ಪ ದೂರ ಕಾಲ್ನಡಿಗೆಯಲ್ಲಿ ಹೋದರೆ, ದುಂಡನೆಯ ಎರಡು ಗೋಪುರಗಳುಳ್ಳ, ಇಟ್ಟಿಗೆಯಿಂದ ಕಟ್ಟಿದ ಹೋಲ್‌ಸ್ಟೆನ್ ದ್ವಾರವು ಕಾಣಿಸುತ್ತದೆ. ಇದನ್ನು ೧೪೬೪ರಿಂದ ೧೪೭೮ರವರೆಗೆ ಕಟ್ಟಿದರು. ಅಡಿಯ ನೆಲವು ಜೌಗಾದುದರಿಂದ ಗೋಪುರಗಳು ತಮ್ಮ ಭಾರಕ್ಕೆ ತಾವೇ ಕುಸಿದು, ಮುಪ್ಪಿನಲ್ಲಿ ಬಾಗಿದ ಅಜ್ಜ ಅಜ್ಜಿಯರಂತೆ ವಾಲಿ ನಿಂತಿವೆ.

ಪಕ್ಕದಲ್ಲಿಯೇ, ಟ್ರಾವೆ ನದಿಯ ದಡದ ಮೇಲೆ, ಉಪ್ಪಿನ ಆರು ಉಗ್ರಾಣಗಳಿವೆ. ಇವು ೧೫೭೯ರಿಂದ ೧೭೪೫ರವರೆಗಿನ ಕಾಲದಲ್ಲಿ ಕಟ್ಟಿದವು. ಉಪ್ಪಿಗಿಂತ ರುಚಿಯಿಲ್ಲವೆಂಬ ನಮ್ಮ ಗಾದೆಯನ್ನು ಇಲ್ಲಿಯ ವರ್ತಕರು ಕೇಳಿರಲಾರರು. ಆದರೆ ಉಪ್ಪಿನ ಬೆಲೆಯನ್ನು ಅವರಷ್ಟು ಬಲ್ಲವರು ವಿರಳ. ಲ್ಯೂನೆಬುರ್ಗಿನ ಉಪ್ಪು ೧೩೯೮ರಿಂದ ಕಾಲುವೆಯ ಮಾರ್ಗವಾಗಿ ಇಲ್ಲಿಗೆ ಬಂದು, ಹಡಗುಗಳನ್ನೇರಿ ಸಮುದ್ರದಾಚೆಯ ಸ್ಕೋನೆ ಪ್ರಾಂತಕ್ಕೆ ಹೋಗುತ್ತಿತ್ತು. ಅಲ್ಲಿ ಹಿಡಿದ ಹೆರಿಂಗ್ ಮೀನನ್ನು ಉಪ್ಪು ಹಾಕಿ ಪೀಪಾಯಿಗಳಲ್ಲಿ ತುಂಬಿ, ಮಾಂಸವು ನಿಷಿದ್ಧವಾದ ವ್ರತದಿನಗಳಿಗಾಗಿ ಯೂರೋಪಿನ ನಾಡುಗಳಿಗೆ ಮಾರುತ್ತಿದ್ದರು. ಇಂತಹ ವ್ಯಾಪಾರದ ಬಲದಿಂದಲೇ ಲ್ಯೂಬೆಕ್ ಪಟ್ಟಣವು ಹಾನ್ಸಾ ಎಂಬ ವರ್ತಕ ನಗರಗಳ ಕೂಟಕ್ಕೆ ಮುಖ್ಯಸ್ಥಾನವಾಯಿತು.

ಕಾಲಕ್ರಮದಲ್ಲಿ ವ್ಯಾಪಾರವು ಇಳಿಮುಖವಾಯಿತು, ದ್ವಾರವೂ ಶಿಥಿಲವಾಯಿತು. ಈ ಹಳೆಯ ಕಟ್ಟಡದಿಂದ ಪ್ರಯೋಜನವೇನು, ಕೆಡಹಿಬಿಡೋಣವೆಂಬ ಮಾತು ಹುಟ್ಟಿತು. ೧೮೬೩ರಲ್ಲಿ ಪೌರರ ಸಭೆಯು ಈ ವಿಷಯವನ್ನು ತೀರ್ಮಾನಿಸಿದಾಗ, ದ್ವಾರವು ಉಳಿದದ್ದು ಕೇವಲ ಒಂದು ಮತದ ಹೆಚ್ಚಳದಿಂದ! ಅನಂತರ ಅದನ್ನು ಜೀರ್ಣೋದ್ಧಾರ ಮಾಡಿ, ಹೊರಮುಖದ ಮೇಲೆ ಲ್ಯಾಟಿನ್ ಭಾಷೆಯಲ್ಲಿ, ಒಳಗೆ ಒಮ್ಮತ, ಹೊರಗೆ ಶಾಂತಿ ಎಂಬರ್ಥದ ಅಕ್ಷರಗಳನ್ನು ಬರೆಯಿಸಿದರು.

ಆ ಶಾಂತಿಯು ನಿಲ್ಲಲಿಲ್ಲ. ಜರ್ಮನಿಯೇ ೧೯೩೯ರಲ್ಲಿ ಹೊತ್ತಿಸಿದ ಯುದ್ಧದ ಉರಿಯು ೧೯೪೨ರ ಮಾರ್ಚ್ ೨೮ರ ರಾತ್ರಿ ಈ ಊರಿಗೂ ಬಂದಿತು. ಬ್ರಿಟಿಷ್ ವಿಮಾನಗಳ ಬಾಂಬುಗಳಿಗೆ ಮುನ್ನೂರಕ್ಕೂ ಹೆಚ್ಚು ಜನರು ಬಲಿಯಾದರು; ಹಳೆಯ ಪಟ್ಟಣದ ಸುಮಾರು ಐದರಲ್ಲೊಂದು ಭಾಗವು ನಾಶವಾಯಿತು. ಸಂತ ಮೇರಿಯ ಇಗರ್ಜಿಯು ಹೊತ್ತಿ ಉರಿದು, ಗೋಪುರದ ದೊಡ್ಡ ಗಂಟೆಗಳು ಕೆಳಕ್ಕೆ ಬಿದ್ದು ಒಡೆದವು. ದ್ವಾರವು ಮಾತ್ರ ಉಳಿದುಕೊಂಡಿತು.

ಯುದ್ಧಾನಂತರ ಜನರು ಇಗರ್ಜಿಯನ್ನು ಪುನಃ ಕಟ್ಟಿದರು. ಹಳೆಯ ಪಟ್ಟಣವು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಆದರೆ ಒಡೆದ ಗಂಟೆಗಳನ್ನು ಅವರು ಎತ್ತಿ ಕರಗಿಸಲಿಲ್ಲ. ಬಿದ್ದ ಸ್ಥಳದಲ್ಲಿಯೇ, ಬಿರಿದ ನೆಲದ ಮೇಲೆ, ಅವುಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಅವುಗಳೆದುರು ನಿಂತಾಗ ನಮಗೆ ಬಾಯಿಂದ ಮಾತು ಹೊರಡಲಿಲ್ಲ. ಹಿರಿಯರ ವೈಭವವನ್ನು ಕಾಪಾಡುವವರು ಹಲವರು; ತಮ್ಮ ಕಾಲದ ತಪ್ಪಿನ ಫಲವನ್ನು ಮಕ್ಕಳ ಕಣ್ಣೆದುರಿಗೆ ಇಟ್ಟುಕೊಳ್ಳುವವರು ಅಪರೂಪ.

ವಾಚಕ ಬಂಧುಗಳೇ, ನಮ್ಮ ಊರುಗಳಲ್ಲಿಯೂ ಹಳೆಯ ಮಂಟಪವನ್ನೋ ಕೋಟೆಬಾಗಿಲನ್ನೋ ಕೆಡಹುವ ಮಾತು ಆಗಾಗ ಹುಟ್ಟುತ್ತದೆ. ನಾನೊಬ್ಬನು ಹೇಳಿ ಆಗುವುದೇನೆಂದು ನಾವು ಸುಮ್ಮನಿದ್ದುಬಿಡುತ್ತೇವೆ. ಅಂತಹ ಸಮಯದಲ್ಲಿ, ಒಬ್ಬನ ಮತದಿಂದ ಇಂದಿಗೂ ನಿಂತಿರುವ ಆ ವಾಲಿದ ಗೋಪುರಗಳನ್ನು ನೆನೆಯಬೇಕೆಂದು ತಮ್ಮಲ್ಲಿ ನಮ್ಮ ಪ್ರಾರ್ಥನೆ.