ಆರು ವೋಲ್ಟಿನ ಅಭಿಮಾನ

ಮೊನ್ನೆ ಭಾನುವಾರ ಇಲ್ಲಿ ವಡೋದರಾದಲ್ಲಿ ನಮ್ಮವರೊಬ್ಬರ ಗೃಹಪ್ರವೇಶ. ಊಟ ಮುಗಿಸಿ ಹೊರಗೆ ಬಂದರೆ ನನ್ನ ಹಳೇ ಜಾವಾ ಸುತ್ತ ನಾಲ್ಕು ಜನ ನಿಂತಿದ್ದರು. ಖುಷಿಯಾಯಿತು. ಸ್ಟಾರ್ಟ್ ಮಾಡಿ ತೋರಿಸಿದೆ. ಸೂರತ್ತಿನಿಂದ ಬಂದಿದ್ದ ಮೈಸೂರಿನವರೊಬ್ಬರು, "ಏನ್ ಸಾರ್, ನಿಂತಲ್ಲೇ ಇಷ್ಟು ಬೆಳಕು?" ಅಂದರು. ಡೈನಮೋ ತೆಗೆಸಿ 12 ವೋಲ್ಟ್ ಮಾಡಿಸಿದ್ದೀನಿ ಅಂತ ಹೆಮ್ಮೆಯಿಂದಲೇ ಹೇಳಿದೆ. ಅವರ ಮುಖ ಸಪ್ಪಗಾಯಿತು. "ಅಯ್ಯೋ, ಮೈಸೂರು ಗಾಡೀನ ಕೆಡಿಸಿಬಿಟ್ರಲ್ಲ ಸಾರ್!"

ಹೋಳಿಗೆ ತಿಂದ ಬಾಯಲ್ಲಿ ಜಗಳ ಯಾಕೆ ಅಂತ ಸುಮ್ಮನೆ ಬಂದೆ. ಮನೆಗೆ ಬಂದ ಮೇಲೆ ಮಾತ್ರ ಸುಮ್ಮನಿರಲಾಗುತ್ತಿಲ್ಲ.

ಮೊದಲು ಗಾಡಿಯ ಜಾತಕ ಹೇಳಿಬಿಡುತ್ತೇನೆ. 1969ರ ಜಾವಾ 250. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಗಾಡಿ ಮಾಡಲು ಶುರು ಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕೊಂಡವರು ನಮ್ಮ ಚಿಕ್ಕಪ್ಪ. ನಾನು ಕೆಲಸಕ್ಕೆ ಅಂತ ಗುಜರಾತಿಗೆ ಬಂದ ಎರಡನೇ ವರ್ಷ, 1986ರಲ್ಲಿ, ಅದೂ ಗೋಣಿ ಸುತ್ತಿಸಿಕೊಂಡು ರೈಲಿನಲ್ಲಿ ಬಂತು. ಅಂದರೆ ನಾವಿಬ್ಬರೂ ಇಲ್ಲಿಗೆ ಒಟ್ಟಿಗೇ ವಲಸೆ ಬಂದವರು ಅನ್ನಿ.

ಈಗ ಲೆಕ್ಕಕ್ಕೆ ಬರೋಣ. ಅಭಿಮಾನಿಗಳು ಯಾರೂ ಮಾಡದ ಲೆಕ್ಕ ಇದು. ಆ 6 ವೋಲ್ಟ್ ಡೈನಮೋ ಕೊಡುವುದು 45 ವ್ಯಾಟ್. ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿದ್ದರೆ. ನನ್ನ ಗಾಡಿಯ ಹೆಡ್‌ಲೈಟ್ ಒಂದೇ 35 ವ್ಯಾಟ್ ತಿನ್ನುತ್ತಿತ್ತು, ಹಿಂದಿನ ದೀಪ 5. ಇದು ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಗಾಡಿ, ಹಾಗಾಗಿ ಇಗ್ನಿಷನ್ ಕಾಯಿಲಿಗೂ ಹತ್ತು ಹದಿನೈದು ವ್ಯಾಟ್ ಬೇಕು. ಕೂಡಿಸಿ ನೋಡಿ. ಬರುವುದಕ್ಕಿಂತ ಹೋಗುವುದೇ ಹೆಚ್ಚು! ಇನ್ನು ಅಹಮದಾಬಾದಿನ ಟ್ರಾಫಿಕ್ಕಿನಲ್ಲಿ ತೆವಳುವಾಗ ಡೈನಮೋ ಚಾರ್ಜೇ ಮಾಡುವುದಿಲ್ಲ, ಕೆಂಪು ದೀಪ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಬ್ಯಾಟರಿ ಇಳಿದರೆ ದೀಪ ಮಂಕು. ಇನ್ನೂ ಇಳಿದರೆ ಕಿಡಿಯೂ ಇಲ್ಲ.

ನಿಂತುಕೊಂಡು ಓಡಿಸುವ ಜೆಟ್ ಸ್ಕೀಗಳಲ್ಲೂ ಇದೇ ಜಗಳವಿದೆಯಂತೆ. ರೇಸಿನವರು ತೂಕ ಉಳಿಸಲು ಚಾರ್ಜಿಂಗ್ ವ್ಯವಸ್ಥೆಯನ್ನೇ ಕಿತ್ತುಹಾಕಿ, ಮನೆಯಲ್ಲಿ ತುಂಬಿಸಿಕೊಂಡ ಬ್ಯಾಟರಿಯ ಮೇಲೇ ಓಡುತ್ತಾರೆ. ದಿನಾ ನೀರಿಗಿಳಿಯುವವರು ಚಾರ್ಜಿಂಗನ್ನು ಮತ್ತೆ ಹಾಕಿಸಿಕೊಳ್ಳುತ್ತಾರೆ. ಹತ್ತು ನಿಮಿಷದ ರೇಸಿಗೆ ಅದು ಸರಿ. ವಡೋದರಾಗೆ ವಾಪಸ್ ಬರಬೇಕಾದವನಿಗೆ?

1998ರ ಡಿಸೆಂಬರ್. ಎಕ್ಸ್‌ಪ್ರೆಸ್‌ವೇ ಇನ್ನೂ ಆಗಿರಲಿಲ್ಲ (ಆದ ಮೇಲೂ ಅದರಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ ಬಿಡಿ). ಅಹಮದಾಬಾದಿನಿಂದ ನಾನೂ ಹೆಂಡತಿಯೂ ಹಳೇ ರಸ್ತೆಯಲ್ಲಿ ಬರುತ್ತಿದ್ದೆವು. ನಡಿಯಾದ್ ದಾಟಿದ ಮೇಲೆ ಹೆಡ್‌ಲೈಟು ಚಿಮಣಿ ಬುಡ್ಡಿ ಆಯಿತು. ಮುಂದೆ ತಂಬಾಕು ಹೇರಿದ್ದ ಒಂದು ಟ್ರ್ಯಾಕ್ಟರ್ ಟ್ರಾಲಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ನಿಂತಿತ್ತು. ನನಗೆ ಕಂಡದ್ದು ನಾಲ್ಕು ಮಾರು ದೂರದಲ್ಲಿ. ಗಾಡಿ ಮಣ್ಣಿಗಿಳಿದು ಬಿತ್ತು. ನನ್ನ ಮೊಣಕಾಲು ತರಚಿತು, ಅವಳ ಮಣಿಕಟ್ಟು ಮುರಿಯಿತು. ಮಳೆಗಾಲದಲ್ಲಿ ಇವತ್ತಿಗೂ ಅವಳಿಗೆ ಆ ಕೈ ನೋಯುತ್ತದೆ. ಟ್ರಾಲಿಯವನ ತಪ್ಪು ಇಲ್ಲವೆನ್ನುವುದಿಲ್ಲ. ಆದರೆ ನನಗೆ ದೀಪವಿದ್ದಿದ್ದರೆ ಅವನ ತಪ್ಪು ನನಗೆ ಕಾಣುತ್ತಿತ್ತು.

ಅಷ್ಟಾದರೂ ನಾನು ಹದಿನೆಂಟು ವರ್ಷ ಡೈನಮೋ ಬದಲಿಸಲಿಲ್ಲ. ಯಾಕೆ? ಇದೇ ಅಭಿಮಾನ! ಸಬರಮತಿ ದಂಡೆಯ ರವಿವಾರಿ ಸಂತೆಯಲ್ಲಿ 6 ವೋಲ್ಟಿನ ಬಲ್ಬಿಗೆ ಅಲೆದೆ, ಬ್ರಷ್ ಉಜ್ಜಿದೆ, ಕಟ್ಔಟಿನ ಪಾಯಿಂಟ್ ಉಜ್ಜಿದೆ. ಕತ್ತಲಾದರೆ ಮಾತ್ರ ಗಾಡಿ ತೆಗೆಯುತ್ತಿರಲಿಲ್ಲ.

2016ರಲ್ಲಿ ಮನಸ್ಸು ಗಟ್ಟಿ ಮಾಡಿದೆ. ಮೊದಲು ಸಿಕ್ಕ ಮೆಕ್ಯಾನಿಕ್ ಬೇರೆ ಗಾಡಿಯ ಮ್ಯಾಗ್ನೆಟ್ ಕೂರಿಸಿ, ರೆಗ್ಯುಲೇಟರ್ ಇಲ್ಲದೆ ಬರೀ ಒಂದು ಡಯೋಡ್ ಕೊಟ್ಟು, "ಚಾಲ್‌ಶೆ ಕಾಕಾ" ಅಂದ. ಚಲಿಸಿತು, ಹದಿನೈದು ದಿನ. ಆಮೇಲೆ ಬ್ಯಾಟರಿ ಕುದಿದು ಆಸಿಡ್ಡು ಪೆಟ್ಟಿಗೆಯ ಬಣ್ಣವನ್ನೆಲ್ಲ ತಿಂದಿತು. 12 ವೋಲ್ಟ್ ಬ್ಯಾಟರಿಗೆ ಸುಮಾರು ಹದಿನಾಲ್ಕೂವರೆ ವೋಲ್ಟಿಗಿಂತ ಮೇಲೆ ಹೋಗದಂತೆ ತಡೆಯುವ ರೆಗ್ಯುಲೇಟರ್ ಇಲ್ಲದಿದ್ದರೆ ಆಗುವುದು ಇದೇ. ಇಂಥ ಕೆಲಸ ನೋಡಿದವರು "ಕೆಡಿಸಿದರು" ಅಂದರೆ ನಾನೂ ಕೈ ಎತ್ತುತ್ತೇನೆ. ಕೇಸ್ ಕೆತ್ತುವುದು, ಕ್ರ್ಯಾಂಕಿನ ತುದಿ ಉಜ್ಜುವುದು, ಇವೆಲ್ಲ ಪಾಪದ ಕೆಲಸವೇ.

ಎರಡನೇ ಸಲ ಸರಿಯಾಗಿ ಮಾಡಿಸಿದೆ. ಡೈನಮೋ ಇದ್ದ ಜಾಗಕ್ಕೇ ಕೂರುವ ಆಲ್ಟರ್ನೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್, ರೆಗ್ಯುಲೇಟರ್, ಫ್ಯೂಸ್, ಹೊಸ ವೈರಿಂಗ್, ಬಲ್ಬು ಹಾರನ್ನು ಸಮೇತ ಎಲ್ಲ 12 ವೋಲ್ಟಿನದು. ಎಲ್ಲೂ ಕೊರೆದಿಲ್ಲ, ಕೆತ್ತಿಲ್ಲ. ವೋಲ್ಟ್ ಎರಡರಷ್ಟಾದರೆ ಅಷ್ಟೇ ಬೆಳಕಿಗೆ ಕರೆಂಟ್ ಅರ್ಧ ಸಾಕು. ಅಂಥದೇ ವೈರಿನಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಇಗ್ನಿಷನ್ನಿಗೆ ಬೇಕಾದದ್ದು ನೇರ ಆಲ್ಟರ್ನೇಟರಿನಿಂದಲೇ ಬರುವುದರಿಂದ ಬ್ಯಾಟರಿ ಸತ್ತರೂ ಒದ್ದರೆ ಗಾಡಿ ಶುರುವಾಗುತ್ತದೆ.

ಇನ್ನು "ಒರಿಜಿನಲ್" ಅನ್ನುವವರಿಗೆ ಎರಡು ಮಾತು. ಜಾವಾ ಮೈಸೂರಿಗೆ ಬಂದದ್ದೇ ಚೆಕೊಸ್ಲೊವಾಕಿಯಾದಿಂದ. ಹೆಸರಿನಲ್ಲಿ ಅರ್ಧ ಯಾನೆಚೆಕ್, ಇನ್ನರ್ಧ ಜರ್ಮನಿಯ ವಾಂಡರರ್. ಅದು ಹುಟ್ಟಿದ ಚೆಕ್ ದೇಶದಲ್ಲೇ ವಾಪೆ ಅನ್ನುವ ಕಂಪನಿ ಈ ಹಳೇ ಗಾಡಿಗಳಿಗೆ ಅಂತಲೇ 12 ವೋಲ್ಟಿನ ಕಿಟ್ ಮಾಡುತ್ತದೆ. ತವರು ಮನೆಯವರಿಗಿಲ್ಲದ ಮಡಿ ನಮಗೆ ಯಾಕೆ ಸ್ವಾಮಿ?

"ವಿಂಟೇಜ್ ಪಟ್ಟ ಹೋಗುತ್ತೆ" ಅನ್ನುವವರೂ ಇದ್ದಾರೆ. 2021ರ ಕೇಂದ್ರದ ನಿಯಮ ಓದಿ ನೋಡಿ. ಐವತ್ತು ವರ್ಷ ದಾಟಿದ ಗಾಡಿಗೆ ಆ ಪಟ್ಟ ಉಂಟು. ಅದು ಬೇಡವೆನ್ನುವುದು ಚಾಸಿ, ಬಾಡಿ, ಎಂಜಿನ್ನಿನ ಮಾರ್ಪಾಡನ್ನು. ಜೊತೆಗೆ ಇನ್ನೊಂದು ಮಾತಿದೆ: ಆ ಪಟ್ಟದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಬೇಕಾದದ್ದು ಓಡಾಟ, ಪಟ್ಟ ಅಲ್ಲ.

ನನಗೆ ಬುದ್ಧಿ ಹೇಳಿದ ಸೂರತ್ತಿನ ಮಹನೀಯರಿಗೂ ಮೈಸೂರಿನ ಮನೆಯಲ್ಲಿ ಒಂದು ಜಾವಾ ಇದೆಯಂತೆ. ಎಲ್ಲವೂ ಒರಿಜಿನಲ್ ಅಂತೆ. ಕೊನೆಯ ಸಲ ಯಾವಾಗ ಸ್ಟಾರ್ಟ್ ಮಾಡಿದಿರಿ ಅಂತ ಕೇಳಿದೆ. "ಅಪ್ಪ ಇದ್ದಾಗ" ಅಂದರು. ನಗು ಬರಲಿಲ್ಲ, ಬೇಜಾರಾಯಿತು. ವರ್ಷಕ್ಕೊಂದು ಸಲ ನವೆಂಬರಿನಲ್ಲಿ ಬಾವುಟ ಹಾರಿಸಿ, ಮನೆಯಲ್ಲಿ ಮಕ್ಕಳ ಜೊತೆ ಕನ್ನಡ ಮಾತಾಡದೆ ಇರುವ ನಮ್ಮಂಥ ಹೊರನಾಡಿನವರಿಗೆ ಈ ರೋಗ ಹೊಸದಲ್ಲ. ಟಾರ್ಪಾಲಿನ ಕೆಳಗೆ ಎಲ್ಲವೂ ಒರಿಜಿನಲ್ಲೇ.

ನನ್ನ ಮಗಳು ಈಗ ಜಾವಾ ಓಡಿಸುತ್ತಾಳೆ. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿರುವುದನ್ನು ಅವಳ ಗುಜರಾತಿ ಗೆಳತಿಯರಿಗೆ ತೋರಿಸಿ, ಇದು ನಮ್ಮ ಮೈಸೂರಿನದು ಅನ್ನುತ್ತಾಳೆ. ರಾತ್ರಿ ಒಂಬತ್ತಕ್ಕೆ ಮಕರ್‌ಪುರಾದಿಂದ ಅದರಲ್ಲೇ ಮನೆಗೆ ಬರುತ್ತಾಳೆ. ಅವಳಮ್ಮ ಗೇಟಿನಲ್ಲಿ ಕಾಯುವುದನ್ನು ಬಿಟ್ಟಿದ್ದಾಳೆ.

ಹಳೇ ಡೈನಮೋ, ರೆಗ್ಯುಲೇಟರ್, ಕಾಯಿಲ್ ಎಲ್ಲ ಎಣ್ಣೆ ಸವರಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಪೂಜೆ ಮಾಡಬೇಕೆನ್ನುವವರು ಮನೆಗೆ ಬನ್ನಿ, ಕಾಫಿ ಕುಡಿದು ಮಾಡಿಕೊಂಡು ಹೋಗಿ. ಗಾಡಿ ಮಾತ್ರ ರಸ್ತೆಯಲ್ಲಿರುತ್ತದೆ.