ಹಳೆಯ ಜೀಪು, ಹೊಸ ಬಣ್ಣ, ಶ್ರಾವಕನ ವ್ರತ

ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಜೀಪಿಗೆ ಇಂದು ಸಂಗ್ರಾಹಕರು ದೊಡ್ಡ ಬೆಲೆ ತೆರುತ್ತಾರೆ. ಅದೇ ವಂಶದ ಜೀಪುಗಳನ್ನು ಮಹೀಂದ್ರ ಸಂಸ್ಥೆಯು 1947ರಲ್ಲಿ ಭಾರತದಲ್ಲಿ ಜೋಡಿಸತೊಡಗಿತು. ಮಲೆನಾಡಿನ ಕಾಫಿ ತೋಟಗಳಲ್ಲಿ ಅವು ದಶಕಗಳ ಕಾಲ ದುಡಿದವು. ಈ ಹೋಲಿಕೆಯೇ ವಂಚನೆಗೆ ಬಾಗಿಲಾಗಿದೆ. ಯುದ್ಧದ ಜೀಪಿನ ಮುಂಭಾಗದ ಜಾಲರಿಯಲ್ಲಿ 9 ಸೀಳುಗಳು. ಬಳಿಕ ಬಂದ ನಾಗರಿಕ ಜೀಪಿನಲ್ಲಿ 7. ಜಾಲರಿಯನ್ನು ಬದಲಿಸಿ, ಸೇನೆಯ ಹಸಿರು ಬಣ್ಣ ಬಳಿದರೆ ಅರಿಯದವನ ಕಣ್ಣಿಗೆ ಎರಡೂ ಒಂದೇ.

"ಹಳೆಯ ವಸ್ತುವನ್ನು ಕೊಳ್ಳುವವನೇ ಪರೀಕ್ಷಿಸಿಕೊಳ್ಳಲಿ, ಕೇಳದ್ದನ್ನು ಹೇಳುವ ಹೊಣೆ ಮಾರುವವನದಲ್ಲ" ಎಂಬ ವಾದವುಂಟು. ನ್ಯಾಯಾಲಯದಲ್ಲಿ ಅದು ಒಮ್ಮೊಮ್ಮೆ ನಿಂತೀತು. ವ್ರತದ ಮುಂದೆ ನಿಲ್ಲದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಒಂದನ್ನು ಹೋಲುವ ಮತ್ತೊಂದನ್ನು ಅದೇ ಎಂದು ಸಾಗಿಸುವುದು ಅದರ ಅರ್ಥ. ದಾಖಲೆಯಲ್ಲಿ ವರ್ಷವನ್ನು ತಿದ್ದಿದರಂತೂ ಸತ್ಯಾಣುವ್ರತದ ಕೂಟಲೇಖಕ್ರಿಯೆಯೂ ಸೇರಿತು.

ಬಿಡಿಭಾಗಗಳನ್ನು ಬದಲಿಸುವುದು ದೋಷವಲ್ಲ. ಬದಲಿಸದೆ ಇಷ್ಟು ಹಳೆಯ ವಾಹನ ಓಡಲಾರದು. ದೋಷವಿರುವುದು ಮರೆಮಾಚುವುದರಲ್ಲಿ. 2021ರ ಕೇಂದ್ರ ನಿಯಮಗಳು ವಿಂಟೇಜ್ ವಾಹನವೆಂದು ಪರಿಗಣಿಸಲು 50 ವರ್ಷಕ್ಕೂ ಮಿಕ್ಕಿದ ಪ್ರಾಯವನ್ನಷ್ಟೇ ಅಲ್ಲ, ಮೂಲರೂಪವನ್ನೂ ಬೇಡುತ್ತವೆ. ಬದಲಾದದ್ದನ್ನು ಬಚ್ಚಿಡುವವನು ಕೊಳ್ಳುವವನನ್ನು ಕಾನೂನಿನ ತೊಡಕಿಗೂ ನೂಕುತ್ತಾನೆ.

"ನಿಜ ಹೇಳಿದರೆ ಬೆಲೆ ಇಳಿಯುತ್ತದೆ" ಎಂಬ ಅಳಲೇ ತಪ್ಪೊಪ್ಪಿಗೆ. ನಿಜ ಹೇಳಿದೊಡನೆ ಇಳಿದುಹೋಗುವ ಹಣ ಮಾರುವವನದೆಂದೂ ಆಗಿರಲಿಲ್ಲ. ಅದನ್ನು ಕೊಳ್ಳುವವನು ಅರಿತು ಕೊಟ್ಟಿಲ್ಲ. ಆದ್ದರಿಂದ ಅದು ಅದತ್ತಾದಾನ. ದುರಸ್ತಿಯ ಶ್ರಮಕ್ಕೆ ನ್ಯಾಯವಾದ ಲಾಭವನ್ನು ಯಾರೂ ಅಲ್ಲಗಳೆಯರು. ಸುಳ್ಳು ಹೆಸರಿಗೆ ಲಾಭ ಸಲ್ಲದು.

ಇಲ್ಲಿ ಹಣಕ್ಕಿಂತ ದೊಡ್ಡದೂ ಇದೆ. ತುಕ್ಕು ತಿಂದ ಚಾಸಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು ಮಾರಿದ ಜೀಪು ಘಟ್ಟದ ತಿರುವಿನಲ್ಲಿ ಮುರಿದರೆ ಹೋಗುವುದು ಜೀವ. ನೆಲದ ಇರುವೆಗೆ ದಾರಿ ಬಿಟ್ಟು ನಡೆಯುವವನು ಆ ಜೀವದ ಲೆಕ್ಕವನ್ನು ಯಾರ ಮೇಲೆ ಹೊರಿಸುವನು?

ಆದುದರಿಂದ ಮುಂಗಡ ಪಡೆಯುವ ಮೊದಲೇ ಶ್ರಾವಕನು ಪಟ್ಟಿಯೊಂದನ್ನು ಬರೆದು ಕೊಡಲಿ: ಯಾವ ಭಾಗ ಮೂಲದ್ದು, ಯಾವುದು ಬೇರೆ ಜೀಪಿನದು, ಬೆಸುಗೆ ಬಿದ್ದುದೆಲ್ಲಿ. ಬಣ್ಣ ಬಳಿಯುವ ಮುನ್ನಿನ ಛಾಯಾಚಿತ್ರಗಳನ್ನೂ ತೋರಿಸಲಿ. ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ನೆನೆಯಲು ಅಂಜಬೇಕಾದ ವ್ಯವಹಾರವನ್ನು ಬೆಳಗ್ಗೆ ಮಾಡದಿರುವುದೇ ಲೇಸು.