ಕಣ್ಣು ಕಂಡದ್ದು, ಮಿದುಳು ಅರಿತದ್ದು

ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಕಡೆ ತೆಂಗಿನ ತೋಟವುಳ್ಳವರಿಗೆ ಇಲಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಮರದ ನೆತ್ತಿಯನ್ನೇರಿ ಎಳೆಗಾಯಿಗೆ ತೂತು ಕೊರೆಯುವ ಈ ಕಳ್ಳನಿಗೆ ಮೂಗು ಚುರುಕು, ಮೀಸೆ ಚುರುಕು. ಕಣ್ಣು ಮಾತ್ರ ಮಂದವೆಂದು ಜನರ ನಂಬಿಕೆ.

ಕಣ್ಣು ಮಂದವೆಂಬುದು ದಿಟವೇ. ತೋಟದ ಇಲಿಯ ದಾಯಾದಿಯಾದ ಪ್ರಯೋಗಶಾಲೆಯ ಇಲಿಯಲ್ಲಿ ದೃಷ್ಟಿಯ ಹರಿತ ಮನುಷ್ಯನದರ ಸುಮಾರು 30ರಲ್ಲಿ ಒಂದು ಪಾಲು. ಆದರೆ ಕಾಣುವುದು ಬೇರೆ, ಕಂಡುದನ್ನು ಗುರುತಿಸುವುದು ಬೇರೆ. ಬೆಕ್ಕು ದೂರದಲ್ಲಿ ಚಿಕ್ಕದಾಗಿ, ಹತ್ತಿರದಲ್ಲಿ ದೊಡ್ಡದಾಗಿ, ಪಕ್ಕದಿಂದ ಒಂದು ಬಗೆಯಾಗಿ, ಎದುರಿನಿಂದ ಇನ್ನೊಂದು ಬಗೆಯಾಗಿ ಅಕ್ಷಿಪಟದ ಮೇಲೆ ಮೂಡುತ್ತದೆ. ಚಿತ್ರ ನೂರು, ಬೆಕ್ಕು ಒಂದೇ. ಗುರುತು ತಪ್ಪಿದರೆ ಇಲಿಗೆ ಪ್ರಾಣಸಂಕಟ! ನೂರರೊಳಗಿನ ಆ ಒಂದನ್ನು ಹೆಕ್ಕಿ ತೆಗೆಯುವ ಹೊಣೆ ಮಿದುಳಿನದು.

1930ರ ವೇಳೆಗೆ ಅಮೆರಿಕದ ಕಾರ್ಲ್ ಲ್ಯಾಶ್ಲಿಯವರು ಇಲಿಗಳನ್ನು ಎತ್ತರದ ಪೀಠದ ಮೇಲೆ, ಎರಡು ಚಿತ್ರಫಲಕಗಳೆದುರು ನಿಲ್ಲಿಸಿ ಪರೀಕ್ಷಿಸಿದರು. ಸರಿಯಾದ ಫಲಕಕ್ಕೆ ಹಾರಿದರೆ ಅದು ಹಿಂದಕ್ಕೆ ಮಗುಚಿ ಆಹಾರ ದೊರೆಯುವುದು. ತಪ್ಪಿದರೆ ಕೆಳಗಿನ ಬಲೆಗೆ ಬೀಳುವುದು. ಇಲಿಗಳು ಆಕಾರಭೇದವನ್ನು ಅರಿಯಬಲ್ಲವೆಂದು ಹೀಗೆ ತಿಳಿದುಬಂತು. 2009ರಲ್ಲಿ ದವಿದೆ ಜೊಕ್ಕೊಲಾನ್ ಮತ್ತು ಅವರ ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಎರಡು ವಸ್ತುಗಳ ಚಿತ್ರಗಳನ್ನು ಇಲಿಗಳಿಗೆ ಕಲಿಸಿ, ಬಳಿಕ ಅವುಗಳ ಗಾತ್ರವನ್ನು ಬದಲಿಸಿ, ದಿಕ್ಕನ್ನು ತಿರುಗಿಸಿ ತೋರಿಸಿದರು. ಹಿಂದೆ ಕಾಣದ ರೂಪದಲ್ಲಿಯೂ ಇಲಿಗಳು ಅವುಗಳನ್ನು ಗುರುತಿಸಿದವು.

ಮಿದುಳು ಇದನ್ನು ಸಾಧಿಸುವುದು ಹೇಗೆ? ಇಟಲಿಯ ತ್ರಿಯೆಸ್ತೆ ನಗರದಲ್ಲಿ ಜೊಕ್ಕೊಲಾನರ ತಂಡ ನಡೆಸಿದ ಸಂಶೋಧನೆ 2017ರಲ್ಲಿ ಪ್ರಕಟವಾಯಿತು. ಇಲಿಯ ಮಿದುಳಿನ ಮೇಲ್ಪದರದಲ್ಲಿ, ಒಂದರ ಪಕ್ಕದಲ್ಲೊಂದಾಗಿರುವ ನಾಲ್ಕು ವಲಯಗಳನ್ನು ಅವರು ಪರಿಶೀಲಿಸಿದರು. ಮೊದಲನೆಯ ವಲಯದಲ್ಲಿ ಬೆಳಕಿನ ಹೆಚ್ಚು ಕಡಿಮೆಗಳ ಲೆಕ್ಕವೇ ಪ್ರಧಾನ. ಮುಂದೆ ಸಾಗಿದಂತೆ ಆ ಲೆಕ್ಕ ಕಳಚುತ್ತದೆ. ಗಾತ್ರ, ಸ್ಥಾನ ಬದಲಾದರೂ ಬದಲಾಗದ ಆಕಾರ ನಿಲ್ಲುತ್ತದೆ. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ.

ಮನುಷ್ಯನಲ್ಲಿ ಈ ತೂರುವಿಕೆ ಕೆಟ್ಟರೆ ಆಗುವ ಕಷ್ಟ ಸಣ್ಣದಲ್ಲ. ಪಾರ್ಶ್ವವಾಯುವಿನ ತರುವಾಯ ಕೆಲವರಿಗೆ, ಕಣ್ಣು ನೆಟ್ಟಗಿದ್ದರೂ, ಎದುರಿಗಿರುವ ಬೀಗದ ಕೈ ಏನೆಂದು ತಿಳಿಯದು. ಕೈಯಲ್ಲಿ ಹಿಡಿದೊಡನೆ ತಿಳಿಯುತ್ತದೆ. ಮನೆಯವರು ಅದನ್ನು ಮರೆವೆಂದೋ ಹಟವೆಂದೋ ಬಗೆದು ಗದರುವುದುಂಟು. ಅಂಥವರಿಗೆ ಬೇಕಾದುದು ಹೊಸ ಕನ್ನಡಕವಲ್ಲ; ನರರೋಗ ತಜ್ಞರ ಸಲಹೆ ಮತ್ತು ಮನೆಯವರ ಸಹನೆ. ತೋಟದ ಕಳ್ಳನ ಕುಲದವನೇ ಈ ತಿಳಿವಳಿಕೆಗೆ ನೆರವಾಗುತ್ತಿದ್ದಾನೆ.